ಸೊಪ್ಪು ಹಾಕುವ ಕೈಗೆ ಕಟ್ಟಿದ ಯಂತ್ರ

"ರಾತ್ರಿ ಹೊತ್ತು ಕೆರ್ಕೋತೀರಾ?" ಎಂದು ಚರ್ಮದ ಡಾಕ್ಟರು ಕೇಳುತ್ತಿದ್ದರು. "ಒಸಿ" ಎನ್ನುತ್ತಿದ್ದರು ಬಂದವರು. ಮೊಣಕೈ ಸಂದಿಯಲ್ಲಿ ರಕ್ತ ಜಿನುಗುತ್ತಿದ್ದವರೂ ಒಸಿ, ಹಿಮ್ಮಡಿಯ ಹತ್ತಿರ ಚರ್ಮ ಸುಮ್ಮನೆ ಒಣಗಿದ್ದವರೂ ಒಸಿ. ಇಸುಬು ಇರುವವರು ಹೆಚ್ಚಾಗಿ ಕೆರೆದುಕೊಳ್ಳುವುದು ನಿದ್ದೆಯಲ್ಲಿ. ನಿದ್ದೆಯಲ್ಲಿ ಮಾಡಿದ್ದು ಬೆಳಿಗ್ಗೆ ಯಾರಿಗೆ ನೆನಪಿರುತ್ತದೆ? ಡಾಕ್ಟರು ಒಂದು ದಿನ ಪೆನ್ನು ಟೇಬಲ್ಲಿನ ಮೇಲೆ ಕುಕ್ಕಿ, ನನ್ನ ಕಡೆ ತಿರುಗಿ, "ಈ ಒಸಿ ಅಂದ್ರೆ ಎಷ್ಟು ಅಂತ ಅಳೆದು ಕೊಡಮ್ಮ ನೀನು, ನನಗೆ ಸಾಕಾಗಿ ಹೋಯ್ತು" ಎಂದರು.

ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಅಂಥದ್ದೊಂದು ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ನನಗೆ ಕೆಲಸ. ಕಾರುಗಳಲ್ಲಿ ಗಾಳಿಚೀಲ ಉಬ್ಬಿಸಲು ಬಳಸುವ ಚಿಪ್ ಇದೆಯಲ್ಲ, ಅಲುಗಾಟವನ್ನು ಗುರುತಿಸುವಂಥದ್ದು, ಅದು ಆಗಷ್ಟೇ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ನಮ್ಮಂಥವರ ಕೈಗೂ ಸಿಗತೊಡಗಿತ್ತು. ಅದನ್ನು ಮಣಿಕಟ್ಟಿಗೆ ಕಟ್ಟಿದರೆ ರಾತ್ರಿಯಿಡೀ ಕೈ ಹೇಗೆಲ್ಲ ಆಡಿತು ಎಂದು ಗೊತ್ತಾಗುತ್ತದೆ ಎಂಬುದು ನನ್ನ ಲೆಕ್ಕ. ರಾಮನಗರದ ಆಸ್ಪತ್ರೆಯವರು ಕೆರೆತ ಅಳೆಯುವ ಯಂತ್ರ ಬೇಕೆಂದು ನಮ್ಮ ಘಟಕದವರನ್ನು ಕೇಳಿದ್ದರು, ನಮ್ಮವರು ನನ್ನನ್ನು ಮುಂದೆ ತಳ್ಳಿದ್ದರು. ನಾನೂ ಹುರುಪಿನಲ್ಲಿ ಹೂಂ ಅಂದುಬಿಟ್ಟಿದ್ದೆ.

ಮಾಡಿದ ಪೆಟ್ಟಿಗೆ ಬೆಂಕಿಪೊಟ್ಟಣಕ್ಕಿಂತ ಕೊಂಚ ದಪ್ಪ. ಒಳಗೆ ಆ ಚಿಪ್, ನೆನಪಿಟ್ಟುಕೊಳ್ಳಲು ಇನ್ನೊಂದು ಚಿಪ್, ಒಂದು ಬಿಲ್ಲೆ ಬ್ಯಾಟರಿ, ಅಡಿಯಲ್ಲಿ ಮೈಯ ಕಾವು ನೋಡುವ ಒಂದು ಸಣ್ಣ ತುಣುಕು. ಆ ತುಣುಕನ್ನು ಆಮೇಲೆ ಸೇರಿಸಿದ್ದು. ಮೊದಲು ಕಟ್ಟಿಕೊಂಡು ಹೋದ ಪುಣ್ಯಾತ್ಮರೊಬ್ಬರು ಪೆಟ್ಟಿಗೆಯನ್ನು ಗೋಡೆಯ ಮೊಳೆಗೆ ನೇತುಹಾಕಿ ಮಲಗಿದ್ದರು. ಅಷ್ಟು ನೆಮ್ಮದಿಯ ರಾತ್ರಿಯ ದಾಖಲೆ ನೋಡಿ ನಾನು ಕುಣಿದಾಡುವುದೊಂದು ಬಾಕಿ. ಮಗ್ಗುಲು ಬದಲಿಸಿದರೆ ಒಂದೇ ಒಂದು ದೊಡ್ಡ ಏರಿಳಿತ ಬರುತ್ತದೆ. ಕೆರೆದುಕೊಂಡರೆ ಸಣ್ಣ ಸಣ್ಣ ಅಲೆಗಳು, ಒಂದೇ ಸಮನೆ, ಹಲ್ಲುಜ್ಜುವಾಗ ಕೈ ಆಡಿದಂತೆ. ಈ ವ್ಯತ್ಯಾಸ ಹಿಡಿಯಲು ನಾನು ಎರಡೂ ಕೈಗೆ ಪೆಟ್ಟಿಗೆ ಕಟ್ಟಿಕೊಂಡು ದಿನವೆಲ್ಲ ಕೆರೆದುಕೊಳ್ಳುತ್ತಾ ಕೂತಿರುತ್ತಿದ್ದೆ. ಘಟಕದಲ್ಲಿ ಪಕ್ಕ ಕೂರುತ್ತಿದ್ದವರು ಕುರ್ಚಿಯನ್ನು ಒಂದಿಷ್ಟು ದೂರ ಎಳೆದುಕೊಂಡರು.

ಅಲ್ಲಿಗೂ ಎಡವಟ್ಟು ಮುಗಿಯಲಿಲ್ಲ. ಪಟ್ಟಿಗೆ ಅಂಗಡಿಯಿಂದ ತಂದ ವಾಚಿನ ಬಕಲ್ ಹಾಕಿದ್ದೆ. ಕಟ್ಟಿಕೊಂಡವರಲ್ಲಿ ಹಲವರಿಗೆ ಬಕಲ್ ಕೂತ ಜಾಗದಲ್ಲೇ ಗುಳ್ಳೆ ಎದ್ದವು. ಆ ಲೋಹಕ್ಕೆ ಸೇರಿಸುವ ನಿಕ್ಕಲ್ ಅವರ ಚರ್ಮಕ್ಕೆ ಆಗುತ್ತಿರಲಿಲ್ಲ. ಡಾಕ್ಟರು ನನ್ನನ್ನು ಕರೆಸಿ, "ಇರೋ ಇಸುಬು ಅಳಿ ಅಂದ್ರೆ ಹೊಸದು ಹುಟ್ಟಿಸ್ತಾ ಇದೀಯಲ್ಲಮ್ಮ" ಎಂದರು. ನಾನು ಚನ್ನಪಟ್ಟಣದವಳು. ಸಿಟ್ಟಿಗೆ ಬಕಲನ್ನೆಲ್ಲ ಕಿತ್ತೆಸೆದು, ನಮ್ಮ ಬೀದಿಯ ಬೊಂಬೆ ಮಾಡುವ ಸಾಹೇಬರ ಹತ್ತಿರ ಹೋಗಿ ಬೊಂಬೆಗೆ ಬಳಸುವ ಆಲೆ ಮರದ ಗುಂಡಿ ಕಡೆಸಿಕೊಂಡು ಬಂದೆ. ಬಣ್ಣ ಬೇಡ, ಅರಗು ಬೇಡ, ಬರೀ ಮರ ಎಂದಾಗ ಅವರು, "ಬಣ್ಣ ಇಲ್ಲದ್ದನ್ನ ಚನ್ನಪಟ್ಣದ್ದು ಅಂತ ಯಾರಿಗೂ ಹೇಳ್ಬೇಡಮ್ಮ, ನಮ್ಗೆ ಅವಮಾನ" ಎಂದು ನಕ್ಕರು. ಹಳೆ ಪಂಚೆಯ ಮೆತ್ತನೆ ಬಟ್ಟೆಯ ಪಟ್ಟಿ, ಮರದ ಗುಂಡಿ. ಆಮೇಲೆ ಯಾರಿಗೂ ಗುಳ್ಳೆ ಏಳಲಿಲ್ಲ.

ಇಷ್ಟಾದ ಮೇಲೆ ಬಂದವಳು ಆ ಹೆಣ್ಣುಮಗಳು. ಕನಕಪುರ ತಾಲ್ಲೂಕು, ಕೋಡಿಹಳ್ಳಿ ಕಡೆಯ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆಯ ಸೊಸೆ. ಅಂಗೈ ಬಿಟ್ಟರೆ ಎರಡೂ ಕೈಯ ಚರ್ಮ ಮೊಣಕೈವರೆಗೆ ದಪ್ಪಗಾಗಿ ಬಿರುಕು ಬಿಟ್ಟಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಸೆರಗಿನೊಳಗೆ ಕೈ ಮುಚ್ಚಿಟ್ಟುಕೊಂಡು ಕೂತಿದ್ದಳು. ಜೊತೆಯಲ್ಲಿ ಅತ್ತೆ. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು.

ಡಾಕ್ಟರು ಮುಲಾಮು ಬರೆದು, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಚ್ಚಬೇಕೆಂದು ಹೇಳಿದರು. ಇದಕ್ಕೂ ಜಗ್ಗದಿದ್ದರೆ ಗುಳಿಗೆ ಶುರು ಮಾಡಬೇಕಾಗುತ್ತದೆ, ಅದು ಗಟ್ಟಿ ಗುಳಿಗೆ, ಆಗಾಗ ರಕ್ತಪರೀಕ್ಷೆ ಬೇಕು, ಹುಳಿನ ಕೆಲಸವನ್ನಂತೂ ಬಿಡಲೇಬೇಕು ಎಂದೂ ಸೇರಿಸಿದರು. ಗುಳಿಗೆಯ ಮಾತನ್ನು ಅವಳು ತಲೆ ತಗ್ಗಿಸಿಯೇ ಕೇಳಿದಳು. ಹುಳು ಬಿಡುವ ಮಾತಿಗೆ ತಲೆ ಎತ್ತಿದಳು.

"ಹುಳ ಬುಡಕಾಗಕಿಲ್ಲ ಸಾರ್."

"ಆರೋಗ್ಯ ಮುಖ್ಯ ಅಲ್ವೇನಮ್ಮ?"

"ಬುಡಕಾಗಕಿಲ್ಲ" ಎಂದಳು ಮತ್ತೆ. ಅತ್ತೆ ಮಾತ್ರ ಚಾವಣಿ ನೋಡುತ್ತಿದ್ದಳು.

ಪೆಟ್ಟಿಗೆ ಕಟ್ಟುವುದನ್ನು ತೋರಿಸಿಕೊಡುವಾಗ ಅವಳು ನನ್ನೊಂದಿಗೆ ಬಾಯಿ ಬಿಟ್ಟಳು. ಮದುವೆಯಾಗಿ ಬಂದ ಹೊಸದರಲ್ಲಿ ಇವಳ ಕೈ ನೋಡಿ ಮನೆಯವರು ಹೆದರಿದ್ದರಂತೆ. ಅಂಟುಜಾಡ್ಯವೇನೋ ಎಂದು ಅಡುಗೆಗೆ ಬಿಡಲಿಲ್ಲ, ಓರಗಿತ್ತಿ ತನ್ನ ಕೂಸನ್ನು ಎತ್ತಿಕೊಳ್ಳಲು ಕೊಡಲಿಲ್ಲ. ಬೇರೆ ಕೆಲಸವಿಲ್ಲದೆ ಹುಳಿನ ಮನೆ ಸೇರಿದಳು. ಆ ಸಲದ ಬೆಳೆ ಊರಿಗೆಲ್ಲ ಹೇಳಿಕೊಳ್ಳುವಂತೆ ಬಂತು. ಅದರ ಮುಂದಿನದೂ ಬಂತು. ಸೊಸೆಯ ಕೈಗುಣ ದೊಡ್ಡದು ಎಂದು ಅತ್ತೆಯೇ ಊರೆಲ್ಲ ಸಾರಿದಳು. ಅವತ್ತಿನಿಂದ ಹುಳಿನ ಮನೆಯ ಬೀಗದ ಕೈ ಇವಳ ಸೊಂಟದಲ್ಲಿ.

"ನನ್ ಕೈ ಕಂಡ್ರೆ ಅಸಹ್ಯ ಪಡ್ದೆ ಇರೋದು ಹುಳ ಮಾತ್ರ ಕಣಕ್ಕ" ಎಂದಳು. ನನ್ನನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು. ಮರದ ಗುಂಡಿಯನ್ನು ಸರಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಪೆಟ್ಟಿಗೆಯ ನೆನಪು ಒಂದು ವಾರಕ್ಕೆ ತುಂಬುತ್ತಿತ್ತು. ಅವಳ ಗಂಡ, ಮಾತು ಕಡಿಮೆ ಆಡುವ ಮನುಷ್ಯ, ರೇಷ್ಮೆಗೂಡಿನ ಮಾರುಕಟ್ಟೆಗೋ ಗೊಬ್ಬರಕ್ಕೋ ರಾಮನಗರಕ್ಕೆ ಬಂದಾಗ ಅದನ್ನು ತಂದು ಕೊಟ್ಟು ಖಾಲಿ ಇರುವ ಇನ್ನೊಂದನ್ನು ಒಯ್ಯುತ್ತಿದ್ದ. ನಾನು ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಇಳಿಸಿಕೊಳ್ಳುತ್ತಿದ್ದೆ. ಮೊದಲ ದಾಖಲೆಯನ್ನು ಎರಡೆರಡು ಸಲ ಇಳಿಸಿಕೊಂಡು ನೋಡಿದೆ. ರಾತ್ರಿ ಊಟವಾಗಿ ಮಲಗುವ ಹೊತ್ತಿಗೆ ಸರಿಯಾಗಿ ಕೆರೆತ ಶುರು, ಒಂದೇ ಸಮನೆ, ಎಡೆಬಿಡದೆ. ಮರುದಿನವೂ ಅದೇ ಹೊತ್ತಿಗೆ. ಅದರ ಮರುದಿನವೂ. ಅಷ್ಟು ಹೊತ್ತು ಹಾಗೆ ಕೆರೆದುಕೊಂಡರೆ ಚರ್ಮ ಕಿತ್ತು ಬರಬೇಕು.

ಡಾಕ್ಟರು ಕನ್ನಡಕ ಏರಿಸಿ ನೋಡಿದರು. "ಮುಲಾಮು ಏನೂ ಮಾಡ್ತಿಲ್ಲ. ಮುಂದಿನ ಸಲ ಬಂದಾಗ ಗುಳಿಗೆ ಶುರು ಮಾಡಿಬಿಡೋಣ."

ನನಗೆ ಒಪ್ಪಿಗೆಯಾಗಲಿಲ್ಲ. ಡಾಕ್ಟರ ಮೇಲಿನ ಅನುಮಾನವಲ್ಲ, ನನ್ನ ಪೆಟ್ಟಿಗೆಯ ಮೇಲಿನ ಅನುಮಾನ. ತುರಿಕೆ ಎಲ್ಲಾದರೂ ಗಡಿಯಾರ ನೋಡಿಕೊಂಡು ಬರುತ್ತದೆಯೇ? "ಒಂದು ಸಲ ಮನೆಗೆ ಹೋಗಿ ನೋಡ್ಕೊಂಡು ಬತ್ತೀನಿ ಸಾರ್, ಅಲ್ಲೀವರೆಗೆ ತಡೀರಿ" ಎಂದೆ. ಅವರು ಗೊಣಗುತ್ತಾ ಒಪ್ಪಿದರು.

ಕನಕಪುರದಿಂದ ಕೋಡಿಹಳ್ಳಿ ಬಸ್ಸು ಹಿಡಿದು, ಇಳಿದು, ಅಲ್ಲಿಂದ ಅವಳ ಗಂಡನ ಗಾಡಿಯ ಹಿಂದೆ ಕೂತು ಹೋದೆ. ಮನೆ ತಲುಪಿದವಳೇ ನೆಟ್ಟಗೆ ಹುಳಿನ ಮನೆಯ ಬಾಗಿಲಿಗೆ ನಡೆದೆ. ಅತ್ತೆ ಎರಡೂ ಕೈ ಅಡ್ಡ ಚಾಚಿ ನಿಂತುಬಿಟ್ಟಳು.

"ಏನವ್ವ, ಹಂಗೇ ನುಗ್ತೀಯಲ್ಲ! ತಲೆಗೆ ಅದೇನ್ ಎಣ್ಣೆ ಹಾಕಿದ್ದೀಯೆ, ಗಮ್ ಅಂತೈತೆ. ಮಕಕ್ಕೆ ಪೌಡ್ರು ಬೇರೆ. ಹುಳ ಬದುಕ್ತವಾ?"

"ಒಂದೇ ನಿಮಿಷ ನೋಡಿ ಬತ್ತೀನಿ ಅಮ್ಮ."

"ಒಂದ್ ನಿಮಿಷಕ್ಕೇ ಸಾಯ್ತವೆ. ಮೊದ್ಲು ಕೈಕಾಲು ಮಕ ತೊಳ್ಕೊ ಓಗು. ತಲೆಗೆ ಈ ವಸ್ತ್ರ ಬಿಗ್ಯಾಗಿ ಕಟ್ಕೊ. ಅಂಗ್ಳದಲ್ಲೇ ನಿಂತ್ಕೊಂಡು ಒಸಿ ಗಾಳಿ ಆಡುಸ್ಕೊ."

ನಮ್ಮೂರ ಕಡೆಯೂ ಹುಳು ಸಾಕುವವರಿದ್ದಾರೆ. ಆದರೆ ನಾನು ಬೊಂಬೆ ಬೀದಿಯವಳು. ಈ ಮಡಿಯೆಲ್ಲ ನನಗೆ ಕೇಳಿ ಗೊತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. ಹುಳು ಇರುವಷ್ಟು ದಿನ ಆ ಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿ ಇಲ್ಲ, ಗಂಡಸರು ಬೀಡಿ ಸೇದಿ ಒಳಗೆ ಬರುವಂತಿಲ್ಲ, ಒಗ್ಗರಣೆಯನ್ನೂ ಹಿತ್ತಿಲ ಕಡೆ ಒಲೆ ಹೂಡಿ ಹಾಕುತ್ತಾರೆ. ಮುಖ ತೊಳೆದು, ತಲೆಗೆ ಬಟ್ಟೆ ಸುತ್ತಿಕೊಂಡು, ಅಂಗಳದಲ್ಲಿ ಬಟ್ಟೆ ಒಣಹಾಕಿದಂತೆ ನಿಂತು ಗಾಳಿ ಆಡಿಸಿಕೊಂಡ ಮೇಲೆ ನನಗೆ ಒಳಗೆ ಪ್ರವೇಶ ಸಿಕ್ಕಿತು.

ಒಳಗೆ ಸಾಲುಸಾಲು ತಟ್ಟೆಗಳು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದರು. ಸೊಸೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಬುಟ್ಟಿಯಿಂದ ತೆಗೆದು ತಟ್ಟೆಗೆ ಉದುರಿಸುತ್ತಿದ್ದಳು. ಒಂದೇ ಕಡೆ ಗುಡ್ಡೆಯಾಗದಂತೆ ಮಣಿಕಟ್ಟನ್ನು ಸಣ್ಣಗೆ, ಬೇಗಬೇಗ, ಒಂದೇ ಸಮನೆ ಅಲುಗಿಸುತ್ತಾ. ಒಂದು ತಟ್ಟೆ ಮುಗಿದ ಮೇಲೆ ಇನ್ನೊಂದು. ನಾನು ನಿಂತಲ್ಲೇ ನಿಂತೆ. ಇದೇ ನನ್ನ ಕೆರೆತ!

"ರಾತ್ರಿ ಕೊನೆ ಸಲ ಸೊಪ್ಪು ಯಾವಾಗ ಹಾಕ್ತೀಯಾ?" ಎಂದು ಕೇಳಿದೆ.

"ಉಂಡು, ಮಲ್ಗೋಕೆ ಮುಂಚೆ. ಯಾಕಕ್ಕ?"

"ಆಗ ಪೆಟ್ಟಿಗೆ ಕೈಲಿರ್ತದಾ?"

"ನೀವೇ ಅಲ್ವಾ ಕತ್ತಲಾದ್ಮೇಲೆ ಬಿಚ್ಬ್ಯಾಡ ಅಂದಿದ್ದು?"

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಹುಳುಗಳಿಗೆ ಊಟ ಬಡಿಸಿದ್ದನ್ನು ರೋಗ ಎಂದು ಬರೆದುಕೊಂಡು, ಒಬ್ಬ ಹೆಂಗಸಿಗೆ ಗಟ್ಟಿ ಗುಳಿಗೆ ಕೊಡಿಸಲು ಹೊರಟಿದ್ದೆವಲ್ಲ! "ನಗಬ್ಯಾಡ್ರವ್ವ, ಹುಳ ಜ್ವರಕ್ಕೆ ಕೂತವೆ" ಎಂದು ಅತ್ತೆ ಹೊರಗಿನಿಂದ ಗದರಿದಳು. ಕೆಲವು ತಟ್ಟೆಗಳಲ್ಲಿ ಹುಳುಗಳು ಪೊರೆ ಬಿಡಲು ತಲೆ ಎತ್ತಿ ಅಲುಗಾಡದೆ ಕೂತಿದ್ದವು. ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಗದ್ದಲ ಕೂಡದು.

ರಾಮನಗರಕ್ಕೆ ಹಿಂತಿರುಗಿ ಲೆಕ್ಕವನ್ನು ತಿದ್ದಿದೆ. ಸೊಪ್ಪು ಉದುರಿಸುವಾಗ ಕೈ ಮುಂದಕ್ಕೆ ಚಾಚಿ ಅಂಗೈ ಕೆಳಮುಖವಾಗಿರುತ್ತದೆ, ದೇಹ ನಿಂತಿರುತ್ತದೆ, ತಟ್ಟೆ ತಟ್ಟೆಗೂ ನಡುವೆ ಸಣ್ಣ ಬಿಡುವು ಇರುತ್ತದೆ. ಕೆರೆಯುವಾಗ ಹಾಗಲ್ಲ. ಅವತ್ತು ಅವಳು ಸೊಪ್ಪು ಹಾಕುವಾಗಲೇ ಪೆಟ್ಟಿಗೆ ಕಟ್ಟಿ ಅಳೆದು ತಂದಿದ್ದ ಮಾದರಿ ಇಟ್ಟುಕೊಂಡು ಅದನ್ನು ಬೇರ್ಪಡಿಸಿದೆ. ಊಟದ ನಂತರದ ಆ ದೊಡ್ಡ ಗುಡ್ಡ ಕರಗಿಹೋಯಿತು. ಗೆದ್ದೆ ಎಂದುಕೊಂಡೆ.

ಗೆದ್ದಿರಲಿಲ್ಲ. ಗುಡ್ಡ ಕರಗಿದ ಮೇಲೆ ಅದರ ಹಿಂದೆ ಅಡಗಿದ್ದ ನಿಜವಾದ ಕೆರೆತ ಕಾಣಿಸಿತು. ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಶುರುವಾಗಿ, ಬಿಟ್ಟುಬಿಟ್ಟು, ಬೆಳಗಿನ ಸೊಪ್ಪಿಗೆ ಏಳುವವರೆಗೂ ಇರುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ ಬೆಳೆ ಮುಗಿದು ಗೂಡು ಮಾರಿ ಮನೆ ಖಾಲಿ ಇದ್ದ ದಿನಗಳಲ್ಲಿ ಕೆರೆತ ತಗ್ಗುತ್ತಿತ್ತು. ಹೊಸ ಹುಳು ತಂದ ಮೇಲೆ ಏರುತ್ತಿತ್ತು. ಡಾಕ್ಟರಿಗೆ ತೋರಿಸಿದೆ.

"ನೋಡಿದ್ಯಾ, ಹುಳವೇ ಕಾರಣ" ಎಂದರು. "ಹುಳ ಬಿಟ್ರೆ ವಾಸಿ ಆಗ್ತದೆ. ನಿನ್ನ ಯಂತ್ರವೇ ಹೇಳ್ತಾ ಇದೆ."

ಯಂತ್ರ ಹಾಗೆ ಹೇಳುತ್ತಿತ್ತು, ನಿಜ. ಆದರೆ ಆ ಮಾತನ್ನು ಅವಳಿಗೆ ಹೋಗಿ ಹೇಳುವುದು ಯಾರು? ನಾನೇ ಕಟ್ಟಿದ ಪೆಟ್ಟಿಗೆಯಿಂದ ಅವಳ ಸೊಂಟದ ಬೀಗದ ಕೈ ಹೋಗುವುದು ನನಗೆ ಬೇಡವಾಗಿತ್ತು. ಇಲ್ಲಿಂದ ಹೇಳಿ ಕಳಿಸುವ ಬದಲು ನಾನೇ ಹೋಗುತ್ತೇನೆ ಎಂದೆ.

ಈ ಸಲ ಎಣ್ಣೆಯಿಲ್ಲ, ಪೌಡರಿಲ್ಲ. ಅತ್ತೆ ನನ್ನ ತಲೆಯ ಹತ್ತಿರ ಮೂಗು ತಂದು ಪರೀಕ್ಷೆ ಮಾಡಿ ಒಳಗೆ ಬಿಟ್ಟಳು. ಕೈ ತೊಳೆಯಲು ಬಚ್ಚಲಿಗೆ ಹೋದಾಗ ಗೋಡೆಯ ಗೂಡಿನಲ್ಲಿ ಮುಲಾಮಿನ ಕೊಳವೆ ಕಂಡಿತು. ಎಷ್ಟೋ ವಾರದ ಹಿಂದೆ ಕೊಟ್ಟದ್ದು. ಮುಕ್ಕಾಲು ಪಾಲು ಹಾಗೇ ಉಳಿದಿತ್ತು. ನನ್ನ ತಲೆ ಕೆಟ್ಟುಹೋಯಿತು. ಅದನ್ನೇ ಹಿಡಿದುಕೊಂಡು ಹೊರಗೆ ಬಂದೆ.

"ಏನಿದು? ಹಚ್ತಾ ಇದೀನಿ ಹಚ್ತಾ ಇದೀನಿ ಅಂತ ಆಸ್ಪತ್ರೆಗೆ ಬಂದಾಗಲೆಲ್ಲ ಹೇಳ್ತೀಯಾ. ಇದೇನು ದೇವರ ಮುಂದಿಟ್ಟು ಪೂಜೆ ಮಾಡ್ತೀಯಾ?"

ಅವಳು ಸೊಪ್ಪಿನ ಬುಟ್ಟಿಯನ್ನು ಕೆಳಗಿಟ್ಟಳು. ಮುಖ ಕೆಂಪಾಯಿತು. "ಹಚ್ತೀನಿ ಕಣಕ್ಕ. ಮನೆ ಖಾಲಿ ಇದ್ದಾಗ ಹಚ್ತೀನಿ. ಹುಳ ಇದ್ದಾಗ ಎಂಗ್ ಹಚ್ಲಿ? ವಾಸ್ನೆ ಬತ್ತದೆ, ಜಿಡ್ಡು ಬ್ಯಾರೆ. ಅದೇ ಕೈಯಾಗೆ ಸೊಪ್ಪು ಹಾಕುದ್ರೆ ಹುಳ ತಿನ್ನಕಿಲ್ಲ. ಸಪ್ಪೆ ರೋಗ ಬಂದು ತಟ್ಟೆಗಟ್ಲೆ ಹೋಗ್ಬುಡ್ತವೆ."

"ಇದನ್ನ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ಹೇಳುದ್ರೆ ಹಂಗಾರೆ ಹುಳ ಬುಡು ಅಂತಿದ್ರು." ಅವಳ ಕಣ್ಣಲ್ಲಿ ನೀರು ಬಂತು. "ಕೈ ಹಾಳಾಗೋಗ್ಲಿ ಬುಡಿ ಅಕ್ಕ. ಹುಳ ಬುಟ್ಟು ಈ ಮನೇಲಿ ಮತ್ತೆ ಮೂಲೇಲಿ ಕೂತ್ಕೊಳಕ್ಕೆ ನನ್ ಕೈಲಿ ಆಗಕಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತೆ. ಬಾಗಿಲ ಹತ್ತಿರ ನಿಂತಿದ್ದ ಅತ್ತೆಗೆ ಇದೆಲ್ಲ ಕೇಳಿಸಿತ್ತು. ಅವಳಿಗೂ ಮುಲಾಮಿನ ಕಥೆ ಗೊತ್ತಿರಲಿಲ್ಲ. "ಅಯ್ಯೋ ನಿನ್ ಮನೆ ಕಾಯೋಗಾ, ಇಷ್ಟ್ ದಿನ ರಾತ್ರೆಲ್ಲ ಪರಪರ ಅಂತ ಕೆರ್ಕೊಂಡಿದ್ದು ಹುಳಿನ ಸಲುವಾಗೇನಮ್ಮಿ?" ಎಂದಳು. ದನಿಯೇ ಬೇರೆಯಾಗಿತ್ತು.

ಹುಳುವಿನಿಂದ ಕೆರೆತ ಏರುತ್ತಿರಲಿಲ್ಲ. ಹುಳು ಇದ್ದಾಗ ಮುಲಾಮು ನಿಲ್ಲುತ್ತಿತ್ತು, ಅದಕ್ಕೆ ಏರುತ್ತಿತ್ತು. ಇಷ್ಟು ಗೊತ್ತಾದ ಮೇಲೆ ಉಳಿದ ಪ್ರಶ್ನೆ ಒಂದೇ. ಹುಳು ಸಾಯದಂತೆ ಮುಲಾಮು ಹಚ್ಚುವ ದಾರಿ ಇದೆಯೋ ಇಲ್ಲವೋ? ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ತಿರುವಿ ತಿರುವಿ ನೋಡಿದೆ. ಕೆರೆತ ಜೋರಾಗುವುದು ಕೊನೆಯ ಸೊಪ್ಪಿನ ನಂತರ. ಅಲ್ಲಿಂದ ಬೆಳಗಿನ ಸೊಪ್ಪಿನವರೆಗೆ ಅವಳ ಕೈ ಹುಳುವನ್ನು ಮುಟ್ಟುವುದೇ ಇಲ್ಲ. ಆ ಹೊತ್ತು ಪೂರ್ತಿ ಮುಲಾಮಿನದು. ಬೆಳಿಗ್ಗೆ ಹಚ್ಚುವ ಮಾತನ್ನೇ ಬಿಟ್ಟುಬಿಡಬೇಕು.

ಡಾಕ್ಟರು ಮೊದಲು ಎಗರಾಡಿದರು. "ಹೇಳಿದಂಗೆ ಹಚ್ಚೋದಿಲ್ಲ, ಹಚ್ತೀನಿ ಅಂತ ಸುಳ್ಳು ಬೇರೆ!" ಎಂದರು. ಆಮೇಲೆ ಪೆಟ್ಟಿಗೆಯ ದಾಖಲೆಯ ಗೆರೆಗಳನ್ನು ಎದುರಿಗಿಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಬೆರಳಾಡಿಸಿದರು. "ನಾನೂ ಕೇಳ್ಲಿಲ್ಲ ನೋಡು, ಕೈಲಿ ಏನ್ ಕೆಲಸ ಮಾಡ್ತೀಯಾ ಅಂತ. ಹುಳ ಅಂದ್ರೆ ಹುಳ ಅಂದ್ಕೊಂಡೆ" ಎಂದರು. ವಾಸನೆ ಇಲ್ಲದ ಬೇರೆ ಮುಲಾಮು ಬರೆದರು, ರಾತ್ರಿ ಒಂದೇ ಹೊತ್ತು. ಮೇಲೆ ಹಳೆ ಹತ್ತಿ ಬಟ್ಟೆಯ ಕೈಗವಸು ಹಾಕಿಕೊಂಡು ಮಲಗಬೇಕು. ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಕಡಲೆಹಿಟ್ಟು ಹಾಕಿ ತೊಳೆಯಬೇಕು. ಬೆಳೆ ಮುಗಿದ ಮೇಲೆ ಹುಳಿನ ಮನೆ ಶುದ್ಧ ಮಾಡಲು ಬ್ಲೀಚಿಂಗ್ ಪೌಡರ್ ಹೊಡೆಯುವ ಕೆಲಸ ಅವಳು ಮಾಡಲೇಕೂಡದು. "ಅದನ್ನ ನಾನ್ ನೋಡ್ಕೋತೀನಿ ಬುಡಿ" ಎಂದ ಅವಳ ಜೊತೆ ಬಂದಿದ್ದ ಗಂಡ. ನಾನು ಅವನ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು.

ಆದರೆ ಅವಳು ಒಪ್ಪಲಿಲ್ಲ. ತೊಳೆದರೂ ಉಗುರು ಸಂದಿಯಲ್ಲಿ ಉಳಿದರೆ? ಬೆಳೆ ಹೋದರೆ ಡಾಕ್ಟ್ರು ತಂದ್ಕೊಡ್ತಾರಾ? ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹಾಗಾದರೆ ಬೇರೆ ತಟ್ಟೆಯಲ್ಲಿ ನೋಡೋಣ ಎಂದೆ. ಒಂದೇ ಬೆಳೆಯ ಕೆಲವು ಹಿಡಿ ಹುಳುಗಳನ್ನು ಬೇರೆ ತೆಗೆದು, ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಎರಡು ತಟ್ಟೆ ಇಟ್ಟೆವು. ಒಂದಕ್ಕೆ ಮುಲಾಮು ಹಚ್ಚಿದ ಕೈಯಿಂದಲೇ ಸೊಪ್ಪು, ಇನ್ನೊಂದಕ್ಕೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದ ಕೈಯಿಂದ.

ಮೊದಲ ತಟ್ಟೆಗೆ ನಾನೇ ಮುಲಾಮು ಮೆತ್ತಿಕೊಂಡು ಸೊಪ್ಪು ಹಾಕಿದೆ. ಹುಳುಗಳು ಎಲೆಯ ಅಂಚಿಗೆ ಬಂದು, ತಲೆ ಎತ್ತಿ ಅತ್ತಿತ್ತ ಆಡಿಸಿ, ತಿರುಗಿ ಹೊರಟುಹೋದವು. ಎಲೆ ಬಾಡಿತು.

"ಮುಲಾಮಿಂದಲ್ಲ ಕಣವ್ವ, ನಿನ್ ಕೈಗುಣನೇ ಇಷ್ಟು" ಎಂದಳು ಅತ್ತೆ.

ತಮಾಷೆಗೆ ಅಂದಿರಬಹುದು. ಆದರೆ ಅವರ ಮನೆಯಲ್ಲಿ ಅದು ತಮಾಷೆಯಲ್ಲ. ಎರಡು ತಟ್ಟೆಗೆ ಎರಡು ಬೇರೆ ಕೈ ಎಂದಮೇಲೆ ಅವರು ಒಪ್ಪುವ ಪರೀಕ್ಷೆ ಅದಾಗುವುದಿಲ್ಲ. ಹಾಗಾಗಿ ಎರಡಕ್ಕೂ ಸೊಸೆಯೇ ಹಾಕಬೇಕೆಂದು ಮತ್ತೆ ಹೊಸ ಹುಳು ತೆಗೆದು ಶುರು ಮಾಡಿದೆವು. ಪರೀಕ್ಷೆಯ ಮುಲಾಮು ಎಡಗೈಗೆ ಮಾತ್ರ, ಮನೆಯ ಬೆಳೆಗೆ ಬಲಗೈ. ನಾನು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಮುಲಾಮಿನ ಕೈಯ ತಟ್ಟೆಯಲ್ಲಿ ಹುಳುಗಳು ಬಡಕಲಾಗಿ, ಕೆಲವು ಸತ್ತೂ ಹೋಗಿದ್ದವು. ಅವಳು ಹೆದರಿದ್ದು ಸುಳ್ಳಲ್ಲ. ತೊಳೆದ ಕೈಯ ತಟ್ಟೆಯಲ್ಲಿ ಎಲೆಯ ನರ ಬಿಟ್ಟರೆ ಮತ್ತೇನೂ ಉಳಿದಿರಲಿಲ್ಲ. ಹುಳುಗಳು ಜ್ವರದಿಂದ ಎದ್ದು ಕಿರುಬೆರಳಿನಷ್ಟು ದಪ್ಪಗಾಗಿ ತಿನ್ನುತ್ತಿದ್ದವು.

ಅವಳು ಆ ಹುಳುವೊಂದನ್ನು ಅಂಗೈಗೆ ಹತ್ತಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿ, ಮತ್ತೆ ತಟ್ಟೆಗೆ ಬಿಟ್ಟಳು.

ಹುಳು ಇದ್ದಾಗಲೂ ರಾತ್ರಿ ಎರಡೂ ಕೈಗೆ ಮುಲಾಮು ಹಚ್ಚಲು ಅವಳು ಶುರು ಮಾಡಿದ್ದು ಅದರ ಮುಂದಿನ ಬೆಳೆಯಲ್ಲಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗಿನ ದಿನಗಳೇ ಎಲ್ಲಕ್ಕಿಂತ ನಾಜೂಕು. ಅಲ್ಲಿಯವರೆಗೆ ಮಾಡಿದ್ದೆಲ್ಲ ಅಲ್ಲಿ ಹೋಗಬಹುದು. ಆ ದಿನಗಳಲ್ಲಂತೂ ಮುಲಾಮು ಬಿಡು, ಆಮೇಲೆ ಮುಂದುವರಿಸೋಣ ಎಂದು ನಾನೇ ಹೆದರಿ ಹೇಳಿ ಕಳಿಸಿದೆ. ಪಕ್ಕದ ಮನೆಯ ಫೋನಿನಿಂದ ಅವಳೇ ಆಸ್ಪತ್ರೆಗೆ ಫೋನು ಮಾಡಿದಳು.

"ಬುಡಕಿಲ್ಲ ಅಕ್ಕ. ಒಂದ್ಸಲ ಹೆದ್ರಿ ಬುಟ್ರೆ ಪ್ರತಿ ಬೆಳೇಗೂ ಬುಡ್ತೀನಿ. ನಂಗೆ ಗೊತ್ತು ನನ್ ಬುದ್ಧಿ. ಹಚ್ತೀನಿ. ಹೋದ್ರೆ ಹೋಗ್ಲಿ."

"ಅತ್ತೆ ಏನಂದ್ರು?"

"ಅವ್ರ ಬೈಗುಳನೂ ನೀವೇ ಬಂದು ತಗೊಳ್ಳಿ" ಎಂದು ನಕ್ಕಳು.

ಆ ವಾರ ನನಗೆ ಘಟಕದಲ್ಲಿ ಕೆಲಸ ಮಾಡಲು ಕೈ ಓಡಲಿಲ್ಲ. ಮಳೆ ಮೋಡ ಕಂಡರೆ ತಂಡಿಗೆ ಹುಳು ಏನಾಯಿತೋ ಎನ್ನಿಸುತ್ತಿತ್ತು, ಬಿಸಿಲು ಏರಿದರೆ ಸೆಕೆಗೆ ಏನಾಯಿತೋ ಎನ್ನಿಸುತ್ತಿತ್ತು. ಒಂದು ಹುಳುವನ್ನೂ ಸಾಕದ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಕೊನೆಗೆ ತಡೆಯಲಾರದೆ ಘಟಕದ ಭಾರದ ಲ್ಯಾಪ್‌ಟಾಪನ್ನು ಹೆಗಲಿಗೇರಿಸಿಕೊಂಡು ಬೆಳಗಿನ ಬಸ್ಸು ಹತ್ತಿದೆ.

ನಾನು ಅಂಗಳಕ್ಕೆ ಕಾಲಿಟ್ಟಾಗ ಹುಳಿನ ಮನೆಯಿಂದ ಅತ್ತೆ ಹೊರಗೆ ಬಂದಳು. ತಲೆಗೆ ಬಟ್ಟೆ ಬಿಗಿದಿದ್ದಳು. ಬುಟ್ಟಿ ಖಾಲಿ. ಕೈಯಲ್ಲಿ ಸೊಪ್ಪಿನ ಹಸಿರು. ನನ್ನನ್ನು ನೋಡಿ ತುಟಿಗೆ ಬೆರಳಿಟ್ಟಳು. ಹುಳು ಮತ್ತೆ ಜ್ವರಕ್ಕೆ ಕೂತವೋ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಅವಳು ಮನೆಯೊಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯನ್ನು ತಂದು ನನ್ನ ಕೈಗೆ ಕೊಟ್ಟಳು. ಪಟ್ಟಿ ಇನ್ನೂ ಬೆಚ್ಚಗಿತ್ತು.

"ಹುಳ ಎಂಗವೆ?" ಎಂದೆ.

"ಹಣ್ಣಾಗ್ತಾ ಅವೆ. ನಿನ್ನೆಯಿಂದ ಒಂದೊಂದೇ ಚಂದ್ರಿಕೆಗೆ ಏರುಸ್ತಾ ಇದ್ದೀವಿ. ಗೂಡು ಕಟ್ತಾ ಅವೆ."

ಹೋದ ಜೀವ ಬಂದಂತಾಯಿತು. ಅಂಗಳದಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ದೊಡ್ಡ ಚಂದ್ರಿಕೆಗಳನ್ನು ನಿಲ್ಲಿಸಿದ್ದರು. ಅವುಗಳ ಸುರುಳಿಗಳ ಮಧ್ಯೆ ಬಿಳೀ ನೂಲಿನ ಮಂಜು ಕವಿಯುತ್ತಿತ್ತು. ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದೆ. ವಾರದ ಮೊದಲ ರಾತ್ರಿಗಳಲ್ಲಿ ಕೆರೆತ ಇತ್ತು, ಆದರೆ ಹಿಂದಿನ ಬೆಳೆಗಳ ಅರ್ಧದಷ್ಟೂ ಇಲ್ಲ. ಆಮೇಲೆ ಇನ್ನೂ ಕಡಿಮೆ. ಕೊನೆಯ ರಾತ್ರಿಗೆ ಬಂದೆ. ಊಟದ ನಂತರ ಹುಳು ಆಯ್ದು ಏರಿಸಿದ ಗಲಾಟೆ. ಅದಾದ ಮೇಲೆ ಗೆರೆ ಮಲಗಿಬಿಟ್ಟಿತ್ತು. ಚಪ್ಪಟೆಯಾಗಿ, ಉದ್ದಕ್ಕೆ. ಬೆಳಗಿನ ಸೊಪ್ಪಿನ ಹೊತ್ತು ಬಂತು, ಹೋಯಿತು. ಗೆರೆ ಏಳಲಿಲ್ಲ. ಬಿಸಿಲು ಬಂದ ಮೇಲೂ ಏಳಲಿಲ್ಲ. ಅಷ್ಟೂ ದಾಖಲೆಯಲ್ಲಿ ಅವಳು ಬೆಳಗಿನ ಸೊಪ್ಪಿಗೆ ಏಳದ ದಿನವನ್ನು ನಾನು ಕಂಡಿರಲಿಲ್ಲ.

"ಥೂ, ಇದರ!" ಎಂದು ತೊಡೆ ತಟ್ಟಿಕೊಂಡೆ. "ಬೇಕಾದ ಹೊತ್ತಿಗೇ ಕೈ ಕೊಡ್ತಲ್ಲ! ರಾತ್ರೀನೇ ಕೆಟ್ಟು ಕೂತದೆ."

"ಮೆಲ್ಲುಕೆ ಮಾತಾಡು" ಎಂದಳು ಅತ್ತೆ.

ಕಾವಿನ ತುಣುಕು ನೋಡಿದೆ. ಕೊನೆಯವರೆಗೂ ಮೈ ಬಿಸಿ ತೋರಿಸುತ್ತಿತ್ತು. ಅಂದರೆ ಮೊಳೆಗೆ ನೇತುಹಾಕಿಲ್ಲ, ಕೈಯಲ್ಲೇ ಇತ್ತು. ಹಾಗಾದರೆ ಚಿಪ್ ಸತ್ತಿರಬೇಕು. ಗೆರೆಯನ್ನು ದೊಡ್ಡದು ಮಾಡಿ ಹುಡುಕಿದೆ. ಬಹಳ ಹೊತ್ತಿನ ನಂತರ ಒಂದು ಏರಿಳಿತ ಸಿಕ್ಕಿತು. ಮಗ್ಗುಲು ಬದಲಿಸಿದ್ದು. ಇನ್ನೂ ಮುಂದೆ ಹೋದರೆ ಮತ್ತೊಂದು. ಚಿಪ್ ಸತ್ತಿರಲಿಲ್ಲ.

ನಾನು ತಲೆ ಎತ್ತಿ ಅತ್ತೆಯ ಹಸಿರು ಕೈಗಳನ್ನು ನೋಡಿದೆ.

"ಬೆಳಗಿನ ಸೊಪ್ಪು..."

"ನಾನೇ ಹಾಕ್ದೆ" ಎಂದಳು. "ಇಷ್ಟ್ ವರ್ಷ ಆಯ್ತಲ್ಲವ್ವ ಅವ್ಳು ಈ ಮನೆಗೆ ಬಂದು. ಅವ್ಳು ನಿದ್ದೆ ಮಾಡಿದ್ದು ನಾನ್ ನೋಡಿದ್ದು ಇವತ್ತೇ. ಹೆಂಗೆ ಎಬ್ಬುಸ್ಲಿ? ಮಿಶಿನ್ನು ಬಿಚ್ಕೊಂಡೆ, ಅದೂ ಗೊತ್ತಾಗ್ಲಿಲ್ಲ ಅವ್ಳಿಗೆ. ಇನ್ನೂ ಮಲ್ಗವ್ಳೆ."